ಸಣ್ಣ ಉರಿಯ ಗಡಿಗೆಯಲ್ಲಿ ಹಂದಿಮಾಂಸ: ಅಡುಗೆಯೊಳಗಿನ ವಿಜ್ಞಾನ



ಮಾಂಸದ ಸಾರು ಮಾಡುವ ಮನೆಗಳಲ್ಲಿ ಒಂದು ವಿಚಿತ್ರವನ್ನು ನೀವು ಗಮನಿಸಿರಬಹುದು. ಒಲೆಯ ಮೇಲಿಟ್ಟ ಅರ್ಧ ಗಂಟೆಗೆ ಒಂದು ತುಂಡನ್ನು ತೆಗೆದು ಹಿಚುಕಿ ನೋಡಿದರೆ ಅದು ಹಸಿಯಾಗಿದ್ದಾಗ ಇದ್ದುದಕ್ಕಿಂತಲೂ ಗಟ್ಟಿಯಾಗಿರುತ್ತದೆ. ಅದನ್ನೇ ಮತ್ತೆ ಒಂದೂವರೆ, ಎರಡು ಗಂಟೆ ಬೇಯಲು ಬಿಟ್ಟರೆ ಬೆರಳಿಗೆ ಎಳೆಎಳೆಯಾಗಿ ಬಿಡಿಸಿಕೊಂಡು ಬರುತ್ತದೆ. ಬದನೆಕಾಯಿ, ಆಲೂಗೆಡ್ಡೆಗಳು ಹೀಗೆ ಮಾಡುವುದಿಲ್ಲ. ಅವು ಬೆಂದಷ್ಟೂ ಮೆತ್ತಗಾಗುತ್ತವೆ, ಅಷ್ಟೆ. ಮಾಂಸ ಮಾತ್ರ ಮೊದಲು ಬಿಗಿದುಕೊಂಡು ಆಮೇಲೆ ಸಡಿಲುವುದೇಕೆ?

ಈ ಪ್ರಶ್ನೆಯನ್ನು ಹಿಡಿದುಕೊಂಡೇ ಸ್ಲೋ ಕುಕ್ಕರ್ ಎಂಬ ಪಾತ್ರೆಯನ್ನೂ ಅದರಲ್ಲಿ ಹಂದಿಮಾಂಸ ಬೇಯಿಸುವ ಬಗೆಯನ್ನೂ ನೋಡೋಣ. ಕಿರುತೆರೆಯ ಮಾತುಕತೆಯಲ್ಲಿ ಎಂಟು ಗಂಟೆಯ ಅಡುಗೆಯನ್ನು ಕೆಲವೇ ನಿಮಿಷಗಳಲ್ಲಿ ತೋರಿಸುವುದು ಸಾಧ್ಯವಿಲ್ಲ. ಅಚ್ಚಿನ ಪುಟಕ್ಕೆ ಆ ತೊಂದರೆಯಿಲ್ಲ. ನಿಮ್ಮ ಮನೆಯಲ್ಲಿ ಹಂದಿಮಾಂಸ ತಿನ್ನದಿರಬಹುದು, ಯಾವ ಮಾಂಸವನ್ನೂ ತಿನ್ನದಿರಬಹುದು. ಆದರೂ ಈ ಲೇಖನವನ್ನು ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಇದರ ನಡುವೆ ಬರುವ ಒಂದು ವಿಷಯ ಹಂದಿಮಾಂಸವನ್ನು ಕಣ್ಣಿನಿಂದಲೂ ನೋಡದವರಿಗೆ ಹೆಚ್ಚು ಸಂಬಂಧಪಟ್ಟದ್ದು.

ಮಾಂಸವೆಂದರೆ ಪ್ರಾಣಿಯ ಸ್ನಾಯು. ಸ್ನಾಯುವಿನಲ್ಲಿ ಕೂದಲಿನಂಥ ಸಣ್ಣ ಎಳೆಗಳ ಕಟ್ಟುಗಳಿವೆ. ಈ ಕಟ್ಟುಗಳನ್ನು ಒಟ್ಟಾಗಿ ಹಿಡಿದಿಡುವ ಬಿಳಿಯ, ಗಟ್ಟಿಯಾದ ಪದರಕ್ಕೆ ಕೊಲಾಜೆನ್ ಎಂಬ ಪ್ರೋಟೀನು ಕಾರಣ. ಹುಲ್ಲಿನ ಹೊರೆಯನ್ನು ಹಗ್ಗದಿಂದ ಬಿಗಿದಂತೆ ಇದು ಎಳೆಗಳನ್ನು ಬಿಗಿದಿರುತ್ತದೆ. ಪ್ರಾಣಿ ಹೆಚ್ಚು ಓಡಾಡಿಸುವ ಭಾಗಗಳಲ್ಲಿ, ಅಂದರೆ ಭುಜ, ಮುಂಗಾಲು, ಮೊಣಕಾಲಿನ ಕೆಳಭಾಗಗಳಲ್ಲಿ ಈ ಹಗ್ಗ ಜಾಸ್ತಿ. ಬೆನ್ನೆಲುಬಿನ ಪಕ್ಕದ ಮಾಂಸಕ್ಕೆ ದುಡಿಮೆ ಕಡಿಮೆ, ಹಗ್ಗವೂ ಕಡಿಮೆ.

ಶಾಖ ಏರುತ್ತ ಹೋದಂತೆ ಏನಾಗುತ್ತದೆ ನೋಡಿ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಎಳೆಗಳೊಳಗಿನ ಪ್ರೋಟೀನುಗಳು ಮೊಟ್ಟೆಯ ಬಿಳಿಯ ಭಾಗ ಹೆಪ್ಪುಗಟ್ಟುವಂತೆ ಗಟ್ಟಿಯಾಗತೊಡಗುತ್ತವೆ. 60ರಿಂದ 65 ಡಿಗ್ರಿಯ ಹೊತ್ತಿಗೆ ಕೊಲಾಜೆನ್ ಸಂಕುಚಿತಗೊಂಡು, ಒದ್ದೆ ಬಟ್ಟೆಯನ್ನು ಹಿಂಡಿದಂತೆ, ಮಾಂಸದ ರಸವನ್ನು ಹೊರಕ್ಕೆ ಹಿಂಡುತ್ತದೆ. ನೀವು ಅರ್ಧ ಗಂಟೆಗೆ ತೆಗೆದು ನೋಡಿದ ತುಂಡು ಈ ಘಟ್ಟವನ್ನು ದಾಟುತ್ತಿರುತ್ತದೆ, ಆದ್ದರಿಂದಲೇ ಗಟ್ಟಿ. 70 ಡಿಗ್ರಿಯಿಂದ ಮೇಲೆ ಇನ್ನೊಂದು ಕ್ರಿಯೆ ನಡೆಯುತ್ತದೆ. ಮೂರು ಎಳೆ ಹೊಸೆದ ಹುರಿಯಂತಿರುವ ಕೊಲಾಜೆನ್ ನೀರಿನಲ್ಲಿ ಬಿಚ್ಚಿಕೊಂಡು ಜೆಲಟಿನ್ ಆಗಿ ಕರಗುತ್ತದೆ. ತಣ್ಣಗಾದ ಕಾಲು ಸೂಪು ಲೋಳೆಯಂತೆ ಹೆಪ್ಪುಗಟ್ಟುವುದು ಈ ಜೆಲಟಿನ್‌ನಿಂದಲೇ. ಹಗ್ಗ ಕರಗಿದ ಮೇಲೆ ಹೊರೆ ಬಿಚ್ಚಿಕೊಳ್ಳುತ್ತದೆ. ಈ ಎರಡನೆಯ ಕ್ರಿಯೆ ಬಲು ನಿಧಾನ. ಕೇವಲ ಉಷ್ಣತೆ ಸಾಲದು, ಹೊತ್ತೂ ಬೇಕು.

ಒಲೆಯ ಉರಿಯನ್ನು ಜೋರು ಮಾಡಿದರೆ ಬೇಗ ಆಗುವುದಿಲ್ಲವೇ ಎಂದು ಕೇಳಬಹುದು. ತೆರೆದ ಪಾತ್ರೆಯಲ್ಲಿ ಆಗುವುದಿಲ್ಲ. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಎಷ್ಟು ಉರಿ ಹಾಕಿದರೂ ಅದರ ಉಷ್ಣತೆ ಏರದು. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಪಠ್ಯಪುಸ್ತಕದಲ್ಲಿ ನೀರಿನ ಕುದಿಬಿಂದು 100 ಡಿಗ್ರಿ ಎಂದಿದೆ, ಆದರೆ ಅದು ಮಂಗಳೂರಿನ ಕಡಲ ದಂಡೆಯ ಲೆಕ್ಕ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳು ಸಮುದ್ರಮಟ್ಟದಿಂದ ಸುಮಾರು 600ರಿಂದ 750 ಮೀಟರ್ ಎತ್ತರದಲ್ಲಿವೆ. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಬಿಂದು ಹೆಚ್ಚು ಕಡಿಮೆ ಒಂದು ಡಿಗ್ರಿ ಇಳಿಯುವುದರಿಂದ ನಮ್ಮಲ್ಲಿ ನೀರು 98 ಡಿಗ್ರಿಯೊಳಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಡಿಮೆ, 96ರ ಆಸುಪಾಸು. ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು.

ಪ್ರೆಷರ್ ಕುಕ್ಕರ್ ಈ ಮಿತಿಯನ್ನು ದಾಟುತ್ತದೆ. ಆವಿಯನ್ನು ಹೊರಗೆ ಬಿಡದೆ ಒತ್ತಡ ಹೆಚ್ಚಿಸಿ, 120 ಡಿಗ್ರಿಯ ಹತ್ತಿರ ನೀರನ್ನು ದ್ರವವಾಗಿಯೇ ಇರಿಸುತ್ತದೆ. 1679ರಲ್ಲಿ ಡೆನಿಸ್ ಪಾಪೆನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಇಂಥ ಮೊದಲ ಪಾತ್ರೆಯನ್ನು ತೋರಿಸಿದ್ದು ಮೂಳೆಗಳನ್ನು ಮೆತ್ತಗೆ ಮಾಡುವುದಕ್ಕಾಗಿಯೇ. ಸ್ಲೋ ಕುಕ್ಕರಿನ ದಾರಿ ಇದಕ್ಕೆ ವಿರುದ್ಧ. ಅದು ಒತ್ತಡವನ್ನು ಬಳಸುವುದಿಲ್ಲ, ಬರೀ ಕಾಯುತ್ತದೆ.

ಈ ಪಾತ್ರೆಯ ರಚನೆ ಸರಳ. ಒಳಗೆ ದಪ್ಪನೆಯ ಪಿಂಗಾಣಿಯ ಗಡಿಗೆ, ಹೊರಗೆ ಲೋಹದ ಕವಚ, ಎರಡರ ನಡುವೆ ಸುತ್ತಲೂ ಕಾಯುವ ತಂತಿ, ಮೇಲೆ ಬಿಗಿಯಾಗಿ ಕೂರುವ ಗಾಜಿನ ಮುಚ್ಚಳ. ಮನೆಬಳಕೆಯ ಪಾತ್ರೆಗಳು ಸಾಮಾನ್ಯವಾಗಿ 100ರಿಂದ 300 ವ್ಯಾಟ್ ವಿದ್ಯುತ್ತನ್ನು ಮಾತ್ರ ಎಳೆಯುತ್ತವೆ, ಇಸ್ತ್ರಿಪೆಟ್ಟಿಗೆಗಿಂತ ಎಷ್ಟೋ ಕಡಿಮೆ. ಪಿಂಗಾಣಿ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಬೇಸಿಗೆಯ ಸಂಜೆ ಚಿತ್ರದುರ್ಗದ ಕೋಟೆ ಹತ್ತಿದವರು ಸೂರ್ಯ ಮುಳುಗಿದ ಮೇಲೂ ಬಂಡೆಗಳು ಬೆಚ್ಚಗಿರುವುದನ್ನು ಅಂಗೈಯಿಂದ ಮುಟ್ಟಿ ತಿಳಿದಿರುತ್ತೀರಿ. ಗಡಿಗೆಯ ಗುಣವೂ ಅದೇ. ಗುಂಡಿಯ ಮೇಲೆ 'ಲೋ', 'ಹೈ' ಎಂದು ಬರೆದಿರುತ್ತದೆ. ಹೆಚ್ಚಿನ ಪಾತ್ರೆಗಳಲ್ಲಿ ಎರಡೂ ಕೊನೆಗೆ ಕುದಿಬಿಂದುವಿನ ಸಮೀಪಕ್ಕೇ ಹೋಗಿ ನಿಲ್ಲುತ್ತವೆ, 'ಹೈ'ನಲ್ಲಿ ಬೇಗ ಮುಟ್ಟುತ್ತದೆ, 'ಲೋ'ನಲ್ಲಿ ತಡವಾಗಿ.

ಇದರ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬ ಇಂಜಿನಿಯರಿಗೆ ಇಂಥ ಪಾತ್ರೆಯ ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಅವರ ತಾಯಿಯ ಕಡೆಯವರು ಲಿಥುವೇನಿಯಾದ ಯಹೂದಿಗಳು. ಯಹೂದಿಗಳ ವಾರದ ವಿಶ್ರಾಂತಿ ದಿನದಂದು ಒಲೆ ಹೊತ್ತಿಸುವಂತಿಲ್ಲ. ಹಾಗಾಗಿ ಶುಕ್ರವಾರ ಸಂಜೆಯೇ ಕಾಳು, ಮಾಂಸ ತುಂಬಿದ ಗಡಿಗೆಯನ್ನು ಊರಿನ ಬ್ರೆಡ್ ಭಟ್ಟಿಯಲ್ಲಿಟ್ಟು, ಆರುತ್ತಿರುವ ಕಾವಿನಲ್ಲಿ ರಾತ್ರಿಯಿಡೀ ಬೇಯಲು ಬಿಟ್ಟು, ಮರುದಿನ ಊಟ ಮಾಡುತ್ತಿದ್ದರು. ಆ ಕಾವನ್ನು ವಿದ್ಯುತ್ತಿನಿಂದ ಪಡೆಯುವ ಯೋಚನೆ ನ್ಯಾಕ್ಸನ್‌ರದು. ಅವರ ಕಂಪನಿಯನ್ನು ಕೊಂಡ ರೈವಲ್ ಸಂಸ್ಥೆ 1971ರಲ್ಲಿ 'ಕ್ರಾಕ್ ಪಾಟ್' ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಹಂದಿಮಾಂಸವನ್ನು ಮುಟ್ಟದ ಜನರ ಅಡುಗೆಯಿಂದ ಹುಟ್ಟಿದ ಪಾತ್ರೆ ಇಂದು ಅಮೆರಿಕದಲ್ಲಿ ಹಂದಿಯ ಭುಜದ ಮಾಂಸ ಬೇಯಿಸುವುದಕ್ಕೆ ಹೆಸರುವಾಸಿಯಾಗಿದೆ!

ನಮ್ಮ ಅಜ್ಜಿಯರಿಗೂ ಈ ತತ್ತ್ವ ತಿಳಿಯದ್ದೇನಲ್ಲ. ಬೂದಿ ಮುಚ್ಚಿದ ಕೆಂಡದ ಮೇಲೆ ಗಡಿಗೆ ಇಟ್ಟು ಹೊಲಕ್ಕೆ ಹೋಗುತ್ತಿದ್ದವರು ಮಾಡಿದ್ದು ಇದನ್ನೇ. ತೆಂಗಿನ ತೋಟಗಳ ಹೊಸದುರ್ಗ, ಹೊಳಲ್ಕೆರೆಗಳ ಕಡೆ ತೆಂಗಿನ ಚಿಪ್ಪಿನ ಕೆಂಡ ಎಷ್ಟು ಹೊತ್ತು ನಿಲ್ಲುತ್ತದೆಂದು ಯಾರನ್ನಾದರೂ ಕೇಳಿ ನೋಡಿ.

ಕರ್ನಾಟಕದಲ್ಲಿ ಹಂದಿಮಾಂಸದ ಅಡುಗೆಗೆ ಹೆಸರಾದ ನಾಡು ಕೊಡಗು. ಅಲ್ಲಿನ ಪಂದಿ ಕರಿ ಮೊದಲಿಗೆ ಕಾಡುಹಂದಿಯ ಅಡುಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಹಂದಿಯನ್ನು ಮನಬಂದಂತೆ ಬೇಟೆಯಾಡುವಂತಿಲ್ಲ. ಈಗ ಸಾಕಿದ ಹಂದಿಯೇ ಗತಿ. ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟಿನ ಜೊತೆ ಇದನ್ನು ಬಡಿಸುತ್ತಾರೆ. ಮಂಗಳೂರು ಕಡೆಯ ಕಥೋಲಿಕರ ಮನೆಗಳಲ್ಲಿ ಬಾಫಾತ್ ಪುಡಿ ಹಾಕಿದ ದುಕ್ರಾ ಮಾಸ್ ಇದೆ, ಸಣ್ಣ ಎಂಬ ಇಡ್ಲಿಯಂಥ ತಿಂಡಿಯ ಜೊತೆ. ಎರಡೂ ನಿಧಾನಕ್ಕೆ ಒಗ್ಗುವ ಅಡುಗೆಗಳು. ನಾನು ಪಂದಿ ಕರಿಯನ್ನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಸ್ಲೋ ಕುಕ್ಕರಿನ ಒಂದು ದೊಡ್ಡ ಕೊರತೆಗೆ ಅದರಲ್ಲಿಯೇ ಪರಿಹಾರವಿದೆ.

ಆ ಕೊರತೆ ಏನೆಂದರೆ, ಸ್ಲೋ ಕುಕ್ಕರಿನಲ್ಲಿ ಏನೂ ಕೆಂಪಗಾಗುವುದಿಲ್ಲ. ಹುರಿದ ಮಾಂಸದ, ಸುಟ್ಟ ರೊಟ್ಟಿಯ, ಹುರಿದ ಕಾಫಿಬೀಜದ ಪರಿಮಳ ಹುಟ್ಟುವುದು ಪ್ರೋಟೀನಿನ ಅಂಶಗಳೂ ಸಕ್ಕರೆಯೂ ಹೆಚ್ಚಿನ ಶಾಖದಲ್ಲಿ ಕೂಡಿದಾಗ. ಇದು ಚುರುಕಾಗಿ ನಡೆಯಲು ಸುಮಾರು 140 ಡಿಗ್ರಿ ಬೇಕು. ನೀರಿರುವ ಗಡಿಗೆ 98ನ್ನೇ ದಾಟದು. ಹೀಗಾಗಿ ಎಲ್ಲವನ್ನೂ ಹಸಿಯಾಗಿ ಹಾಕಿ ಗುಂಡಿ ತಿರುಗಿಸಿದರೆ ಮೆತ್ತಗಿನ, ಬಿಳಿಚಿದ, ಸಪ್ಪೆ ಅಡುಗೆ ಸಿಗುತ್ತದೆ. ಎಷ್ಟೋ ಜನ ಹೊಸದಾಗಿ ಕೊಂಡ ಸ್ಲೋ ಕುಕ್ಕರನ್ನು ಅಟ್ಟಕ್ಕೆ ಹಾಕುವುದು ಇದರಿಂದಲೇ. ಕೊಡಗಿನವರು ಧನಿಯ, ಜೀರಿಗೆ, ಕಾಳುಮೆಣಸು, ಸಾಸಿವೆಗಳನ್ನು ಹೆಚ್ಚುಕಡಿಮೆ ಕಪ್ಪಾಗುವವರೆಗೆ ಒಣಬಾಣಲೆಯಲ್ಲಿ ಹುರಿದು ಪುಡಿ ಮಾಡುತ್ತಾರೆ. ಗಡಿಗೆಯೊಳಗೆ ಹುಟ್ಟದ ಪರಿಮಳವನ್ನು ಹೊರಗೇ ಮಾಡಿಕೊಂಡು ಒಳಗೆ ಹಾಕಿದಂತಾಯಿತು.

ಈಗ ಕ್ರಮ ಹೇಳುತ್ತೇನೆ. ಒಂದು ಕೆಜಿ ಹಂದಿಮಾಂಸ ತನ್ನಿ, ಭುಜದ ಭಾಗ, ಸ್ವಲ್ಪ ನೆಣ ಮತ್ತು ತೊಗಲು ಇರಲಿ. ನೆಣವಿಲ್ಲದ ಬೆನ್ನಿನ ಮಾಂಸ ಇದಕ್ಕೆ ಬೇಡ. ಅದರಲ್ಲಿ ಕರಗಲು ಕೊಲಾಜೆನ್ ಇಲ್ಲದ್ದರಿಂದ ಎಂಟು ಗಂಟೆಯ ಕೊನೆಗೆ ನಾರಿನ ಹಾಗೆ ಒಣಗಿರುತ್ತದೆ. ಒಂದು ಅಂಗುಲಕ್ಕಿಂತ ತುಸು ದೊಡ್ಡ ತುಂಡುಗಳಾಗಿ ಕತ್ತರಿಸಿ, ಉಪ್ಪು, ಅರಿಶಿನ, ಒಂದೆರಡು ಚಮಚ ಖಾರದಪುಡಿ ಹಚ್ಚಿ ಅರ್ಧ ಗಂಟೆ ಇಡಿ. ಬಾಣಲೆಯಲ್ಲಿ ಮೂರು ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಒಂದು ಅಂಗುಲ ಶುಂಠಿ, ನಾಲ್ಕು ಹಸಿಮೆಣಸಿನಕಾಯಿ, ಕರಿಬೇವುಗಳನ್ನು ಜಜ್ಜಿ ಹುರಿಯಿರಿ. ಎಣ್ಣೆ ಒಂದು ಚಮಚ ಸಾಕು, ಹಂದಿಯ ನೆಣವೇ ಕರಗಿ ಎಣ್ಣೆಯಾಗುತ್ತದೆ. ಮಾಂಸವನ್ನೂ ಅದೇ ಬಾಣಲೆಯಲ್ಲಿ ಜೋರು ಉರಿಯಲ್ಲಿ ಅಂಚು ಕೆಂಪಾಗುವವರೆಗೆ ಬಾಡಿಸಿ. ಬಾಣಲೆಯ ತಳಕ್ಕೆ ಅಂಟಿದ್ದನ್ನು ಅರ್ಧ ಲೋಟ ನೀರಿನಿಂದ ಕೆರೆದು, ಎಲ್ಲವನ್ನೂ ಬಿಸಿಯಾಗಿಯೇ ಗಡಿಗೆಗೆ ಸುರಿಯಿರಿ. ನೀರು ಇಷ್ಟೇ. ಬಿಗಿ ಮುಚ್ಚಳದಿಂದ ಆವಿ ಹೊರಹೋಗುವುದು ಕಡಿಮೆ, ಮಾಂಸ ತಾನೇ ರಸ ಬಿಡುತ್ತದೆ. ಗಡಿಗೆ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ.

ಮೊದಲ ಒಂದು ಗಂಟೆ 'ಹೈ'ನಲ್ಲಿಟ್ಟು, ಆಮೇಲೆ 'ಲೋ'ಗೆ ಇಳಿಸಿ ಆರೇಳು ಗಂಟೆ ಬಿಡಿ. ಪೂರ್ತಿ 'ಹೈ'ನಲ್ಲಾದರೆ ನಾಲ್ಕೈದು ಗಂಟೆ. ನಡುವೆ ಮುಚ್ಚಳ ತೆಗೆದು ನೋಡುವ ಚಪಲ ಬೇಡ. ಒಮ್ಮೆ ತೆಗೆದರೆ ಕೂಡಿಟ್ಟ ಆವಿಯೆಲ್ಲ ಹೋಗಿ, ಅಷ್ಟು ಸಣ್ಣ ತಂತಿಗೆ ಅದನ್ನು ಮತ್ತೆ ತುಂಬಿಕೊಡಲು ಬಹಳ ಹೊತ್ತು ಹಿಡಿಯುತ್ತದೆ. ಮೂರು ಚಮಚ ಧನಿಯ, ಒಂದು ಚಮಚ ಜೀರಿಗೆ, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಸಾಸಿವೆ ಹುರಿದು ಮಾಡಿದ ಪುಡಿಯನ್ನು ಕೊನೆಯ ಅರ್ಧ ಗಂಟೆಯಲ್ಲಿ ಹಾಕಿ. ಮೊದಲೇ ಹಾಕಿದರೆ ಪರಿಮಳ ಗಡಿಗೆಯಲ್ಲಿ ಉಳಿಯದೆ ಮನೆಯಲ್ಲೆಲ್ಲ ಹರಡಿ ಮುಗಿದಿರುತ್ತದೆ.

ಹುಳಿಯೂ ಕೊನೆಗೇ. ಕೊಡಗಿನ ಕಾಚಂಪುಳಿ ಒಂದು ಬಗೆಯ ಗಾರ್ಸಿನಿಯಾ ಹಣ್ಣಿನ ರಸವನ್ನು ಕಪ್ಪಗೆ, ಗಟ್ಟಿಯಾಗಿ ಬತ್ತಿಸಿದ್ದು. ಒಂದೆರಡು ಚಮಚ ಸಾಕು. ಹುಳಿಯನ್ನು ಮೊದಲು ಹಾಕಿದರೆ ಈರುಳ್ಳಿ ಕರಗದೆ ಉಳಿಯುತ್ತದೆ. ಬೇಳೆ ಬೆಂದ ಮೇಲೆಯೇ ಸಾರಿಗೆ ಹುಣಿಸೆಹುಳಿ ಬಿಡುವುದು ಏಕೆಂದು ನಿಮ್ಮ ತಾಯಿಯವರನ್ನು ಕೇಳಿದರೆ ಇದೇ ಉತ್ತರ ಸಿಕ್ಕೀತು. ಕಾಚಂಪುಳಿ ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಸಿಗುವ ಸರಕಲ್ಲ. ಹಿರಿಯೂರಿನ ಬಯಲಿನ ಹುಣಿಸೆಹಣ್ಣು ಧಾರಾಳವಾಗಿ ಸಿಗುತ್ತದೆ, ಅದನ್ನೇ ಬಳಸಿ. ರುಚಿ ಬೇರೆಯಾಗುತ್ತದೆ. ಅದನ್ನು ಪಂದಿ ಕರಿ ಎಂದು ಕೊಡಗಿನ ಸ್ನೇಹಿತರ ಮುಂದಿಡಬೇಡಿ, ಅಷ್ಟೆ. ಜೆಲಟಿನ್ ಕರಗಿದ ಆ ಗಟ್ಟಿ ಗೊಜ್ಜು ರಾಗಿಮುದ್ದೆಗೆ ಹೊಂದುವಷ್ಟು ಚೆನ್ನಾಗಿ ಅನ್ನಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಆರಂಭದಲ್ಲಿ ಹೇಳಿದ ಆ ವಿಷಯಕ್ಕೆ ಬರೋಣ.

ಹಂದಿಮಾಂಸವನ್ನು ಪೂರ್ತಿ ಬೇಯಿಸಬೇಕು ಎನ್ನುವುದಕ್ಕೆ ಮುಖ್ಯ ಕಾರಣ ಟೀನಿಯಾ ಸೋಲಿಯಂ ಎಂಬ ಲಾಡಿಹುಳು. ಸೋಂಕು ತಗುಲಿದ ಹಂದಿಯ ಮಾಂಸದಲ್ಲಿ ಅಕ್ಕಿಕಾಳಿನಿಂದ ಬಟಾಣಿಯಷ್ಟು ಗಾತ್ರದ, ನೀರು ತುಂಬಿದ ಬಿಳಿಯ ಗುಳ್ಳೆಗಳಿರುತ್ತವೆ. ಒಂದೊಂದರಲ್ಲಿಯೂ ಹುಳುವಿನ ಒಂದು ಮರಿ. ಅರೆಬೆಂದ ಮಾಂಸದ ಜೊತೆ ಅದು ಹೊಟ್ಟೆ ಸೇರಿದರೆ ಕರುಳಿಗೆ ಅಂಟಿಕೊಂಡು ಎರಡು ಮೂರು ಮೀಟರ್ ಉದ್ದ ಬೆಳೆಯುತ್ತದೆ. ಇದನ್ನು ಜರ್ಮನಿಯ ವೈದ್ಯ ಕ್ಯೂಕನ್‌ಮೈಸ್ಟರ್ 1855ರಲ್ಲಿ ಸಾಬೀತು ಮಾಡಿದ್ದು ಮರಣದಂಡನೆಗೆ ಗುರಿಯಾಗಿದ್ದ ಕೈದಿಗೆ ಅವನಿಗೆ ತಿಳಿಯದಂತೆ ಗುಳ್ಳೆಗಳನ್ನು ತಿನ್ನಿಸಿ, ದಂಡನೆಯಾದ ಮೇಲೆ ಕರುಳನ್ನು ಕೊಯ್ದು ನೋಡಿ. ವಿಜ್ಞಾನದ ಚರಿತ್ರೆಯಲ್ಲಿ ಹೆಮ್ಮೆಪಡುವ ಪುಟವಲ್ಲ ಅದು.

ಕರುಳಿನ ಹುಳುವಿನಿಂದ ಅಂಥ ದೊಡ್ಡ ಅಪಾಯವಿಲ್ಲ. ಅಪಾಯ ಇರುವುದು ಅದರ ಮೊಟ್ಟೆಗಳಲ್ಲಿ. ಹುಳು ಇರುವ ಮನುಷ್ಯನ ಮಲದಲ್ಲಿ ಸಾವಿರಾರು ಮೊಟ್ಟೆಗಳು ಹೊರಬೀಳುತ್ತವೆ. ಬಯಲಿನಲ್ಲಿ ಬಿದ್ದ ಮಲವನ್ನು ಹಂದಿ ತಿಂದರೆ ಅದರ ಮಾಂಸದಲ್ಲಿ ಗುಳ್ಳೆಗಳಾಗುತ್ತವೆ. ಅದೇ ಮೊಟ್ಟೆ ಕೈಯಿಂದಲೋ, ನೀರಿನಿಂದಲೋ, ತೊಳೆಯದ ಕೊತ್ತಂಬರಿ ಸೊಪ್ಪು, ಮೂಲಂಗಿಗಳಿಂದಲೋ ಮನುಷ್ಯನ ಹೊಟ್ಟೆ ಸೇರಿದರೆ ಮರಿ ರಕ್ತದ ಜೊತೆ ಸಾಗಿ ಮಿದುಳಿನಲ್ಲಿ ಗುಳ್ಳೆಯಾಗಿ ಕುಳಿತುಬಿಡಬಹುದು. ನ್ಯೂರೋಸಿಸ್ಟಿಸರ್ಕೋಸಿಸ್ ಎಂಬ ಈ ಕಾಯಿಲೆಯ ಮುಖ್ಯ ಲಕ್ಷಣ ಮೂರ್ಛೆ, ಫಿಟ್ಸ್. ಈ ಹುಳುವಿನ ಹಾವಳಿಯಿರುವ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು 30 ಶೇಕಡ ಪ್ರಕರಣಗಳಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈಗ ಎರಡು ದಾರಿಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಿ. ಅರೆಬೆಂದ ಹಂದಿಮಾಂಸದಿಂದ ಬರುವುದು ಕರುಳಿನ ಹುಳು. ಮಿದುಳಿನ ಗುಳ್ಳೆ ಬರುವುದು ಮಾಂಸದಿಂದಲ್ಲ, ಮನುಷ್ಯನ ಮಲದಿಂದ. ಆದ್ದರಿಂದಲೇ ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಅದು ಬರುತ್ತದೆ, ನಮ್ಮ ದೇಶದಲ್ಲಿ ಸಸ್ಯಾಹಾರಿಗಳಲ್ಲಿಯೂ ಧಾರಾಳವಾಗಿ ಕಂಡುಬಂದಿದೆ. ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲಿ, ಅಂದರೆ ಹಂದಿಮಾಂಸ ಮನೆಯೊಳಗೇ ಬಾರದ ಕಡೆ, ಈ ಕಾಯಿಲೆ ಕಾಣಿಸಿಕೊಂಡ ವರದಿ 1992ರಲ್ಲಿ ಪ್ರಕಟವಾದಾಗ ವೈದ್ಯಲೋಕ ಬೆರಗಾಯಿತು. ಹುಳುವಿನ ಹಾವಳಿಯಿದ್ದ ದೇಶಗಳಿಂದ ಬಂದು ಆ ಮನೆಗಳಲ್ಲಿ ಕೆಲಸಕ್ಕಿದ್ದವರ ಕರುಳಿನ ಹುಳುವಿನಿಂದ ಮೊಟ್ಟೆಗಳು ಹರಡಿರಬೇಕೆಂದು ಆಗ ತಿಳಿಯಿತು. ಭಾರತದಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದ ಬ್ರಿಟಿಷ್ ಸೈನಿಕರಲ್ಲಿ ಫಿಟ್ಸ್ ಕಾಣಿಸಿಕೊಂಡ 450 ಪ್ರಕರಣಗಳ ಅಧ್ಯಯನ 1961ರಲ್ಲಿ ಬಂದಿತ್ತು. ಅವರಲ್ಲಿ ಹಲವರಿಗೆ ಸೋಂಕು ತಗುಲಿ ವರ್ಷಗಳೇ ಕಳೆದ ಮೇಲೆ ಮೊದಲ ಫಿಟ್ಸ್ ಬಂದಿತ್ತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವುಂಟು. ಫಿಟ್ಸ್ ಬಂದ ಹುಡುಗನ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು ನಮ್ಮ ಊರುಗಳಲ್ಲಿ ಇನ್ನೂ ನಿಂತಿಲ್ಲ. ಅವನನ್ನು ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಆಸ್ಪತ್ರೆಗೆ ಕರೆದೊಯ್ಯಬೇಕು. ಮಿದುಳಿನ ಗುಳ್ಳೆಗಳಿಗೆ ಇಂದು ಔಷಧಿಯಿದೆ, ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕಾದ ಔಷಧಿ. ಇನ್ನು ಹಂದಿಯನ್ನೋ, ಹಂದಿ ಸಾಕುವವರನ್ನೋ ಹಳಿದು ಪ್ರಯೋಜನವಿಲ್ಲ. ಕಟ್ಟಿ ಹಾಕಿ, ಶುದ್ಧ ಆಹಾರ ಹಾಕಿ ಸಾಕಿದ ಹಂದಿಗೆ ಈ ರೋಗ ಬರುವ ದಾರಿಯೇ ಇಲ್ಲ. ಹಂದಿಗೆ ರೋಗ ಕೊಡುವವನು ಬಯಲಿಗೆ ಹೋಗುವ ಮನುಷ್ಯ.

ಸ್ಲೋ ಕುಕ್ಕರಿನಲ್ಲಿ ಬೆಂದ ಮಾಂಸದಲ್ಲಿ ಹುಳುವಿನ ಮರಿ ಉಳಿಯುವುದಿಲ್ಲವೇ? ಮಾಂಸದ ನಡುಭಾಗ 70 ಡಿಗ್ರಿ ದಾಟಿದರೆ ಉಳಿಯುವುದಿಲ್ಲ. ಸರಿಯಾಗಿ ನಡೆದ ಸ್ಲೋ ಕುಕ್ಕರ್ ಅದನ್ನು ದಾಟಿ 90ಕ್ಕೂ ಮೇಲೆ ಹೋಗಿ ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ತೊಂದರೆ ಬರುವುದು ಬ್ಯಾಕ್ಟೀರಿಯಾಗಳಿಂದ. 5ರಿಂದ 60 ಡಿಗ್ರಿಯ ನಡುವೆ ಅವು ಬೆಳೆಯುತ್ತವೆ. ನಿಧಾನವಾಗಿ ಕಾಯುವ ಗಡಿಗೆ ಈ ಪಟ್ಟಿಯನ್ನು ಆದಷ್ಟು ಬೇಗ ದಾಟಬೇಕು. ಮಾಂಸವನ್ನು ಬಿಸಿಯಾಗಿಯೇ ಗಡಿಗೆಗೆ ಹಾಕಿ, ಮೊದಲ ಗಂಟೆ 'ಹೈ'ನಲ್ಲಿಡಿ ಎಂದದ್ದು ಇದಕ್ಕಾಗಿ. ಫ್ರೀಜರಿನಿಂದ ತೆಗೆದ ಕಲ್ಲಿನಂಥ ಮಾಂಸವನ್ನು ನೇರವಾಗಿ ಹಾಕಲೇಬಾರದು. 'ವಾರ್ಮ್' ಎಂಬ ಗುಂಡಿ ಬೆಂದ ಅಡುಗೆಯನ್ನು ಬಿಸಿಯಾಗಿಡಲು ಮಾತ್ರ. ಉಷ್ಣತೆ ನೋಡಬೇಕೆಂಬ ಆಸೆಯಿದ್ದರೆ ಅಡುಗೆಗೆಂದೇ ಸಿಗುವ ಉಷ್ಣತಾಮಾಪಕ ಕೊಳ್ಳಿ. ಜ್ವರ ನೋಡುವುದು 42 ಡಿಗ್ರಿಯ ಸುತ್ತಮುತ್ತಲೇ ಮುಗಿಯುತ್ತದೆ, ಪ್ರಯೋಗಶಾಲೆಯದರಲ್ಲಿ ಪಾದರಸವಿರಬಹುದು. ಅವೆರಡನ್ನೂ ಊಟದ ಪಾತ್ರೆಗೆ ಅದ್ದಬೇಡಿ.

ನಮ್ಮ ಕಡೆ ಕರೆಂಟಿನ ಮಾತು ಬೇರೆ ಇದೆ. ಬೆಳಿಗ್ಗೆ ಗುಂಡಿ ತಿರುಗಿಸಿ ಕಾಲೇಜಿಗೆ ಹೋಗಿ, ಸಂಜೆ ಬಂದಾಗ ಗಡಿಗೆ ಬಿಸಿಯಾಗಿದ್ದರೂ ನಡುವೆ ಎಷ್ಟು ಹೊತ್ತು ಕರೆಂಟು ಹೋಗಿತ್ತೆಂದು ಅದು ಹೇಳುವುದಿಲ್ಲ. ಒಂದು ಉಪಾಯ ಹೇಳುತ್ತೇನೆ. ಅದೇ ಪ್ಲಗ್ ಹಲಗೆಗೆ ಕರೆಂಟು ಹೋದರೆ ಸೊನ್ನೆಗೆ ಮರಳಿ ಮಿನುಗುವ ಒಂದು ವಿದ್ಯುತ್ ಗಡಿಯಾರವನ್ನು ಜೋಡಿಸಿಡಿ. ಮನೆಯಲ್ಲಿ ಇದ್ದಾಗ ಕರೆಂಟು ಹೋದರೆ ಕಾಯುತ್ತ ಕೂರದೆ ಎಲ್ಲವನ್ನೂ ಬೇರೆ ಪಾತ್ರೆಗೆ ಸುರಿದು ಗ್ಯಾಸಿನ ಮೇಲೆ ಬೇಯಿಸಿ ಮುಗಿಸಿ. ಬೇಯುವ ಮೊದಲೇ ಕರೆಂಟು ಹೋಗಿ ಎರಡು ಗಂಟೆಗಿಂತ ಹೆಚ್ಚಾಗಿದ್ದರೆ, ಅಥವಾ ಎಷ್ಟು ಹೊತ್ತೆಂದು ಗೊತ್ತೇ ಆಗದಿದ್ದರೆ, ಆ ಮಾಂಸವನ್ನು ಚೆಲ್ಲಬೇಕು. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸತ್ತರೂ ಕೆಲವು ಬಗೆಯವು ಬಿಟ್ಟ ವಿಷ ಹಾಗೇ ಉಳಿಯುತ್ತದೆ.

ಖರ್ಚಿನ ಲೆಕ್ಕ ನೀವೇ ಮಾಡಬಹುದು. 200 ವ್ಯಾಟ್ ಪಾತ್ರೆ ಎಂಟು ಗಂಟೆ ಉರಿದರೆ 1600 ವ್ಯಾಟ್-ಗಂಟೆ, ಅಂದರೆ 1.6 ಯೂನಿಟ್. 2000 ವ್ಯಾಟಿನ ಇಂಡಕ್ಷನ್ ಒಲೆ ಮುಕ್ಕಾಲು ಗಂಟೆ ಪೂರ್ತಿ ಶಕ್ತಿಯಲ್ಲಿ ಉರಿದರೆ 1.5 ಯೂನಿಟ್. ಪ್ರೆಷರ್ ಕುಕ್ಕರಿಗೆ ಅಷ್ಟೂ ಬೇಕಾಗದು. ಉಳಿತಾಯವೇ ಗುರಿಯಾದರೆ ಮನೆಯಲ್ಲಿರುವ ಕುಕ್ಕರೇ ಸಾಕು, ಸಾವಿರಾರು ರೂಪಾಯಿ ಕೊಟ್ಟು ಹೊಸ ಪಾತ್ರೆ ಕೊಳ್ಳಬೇಕಿಲ್ಲ. ಕಾವಲಿಲ್ಲದೆ ಬೇಯುವುದು, ತಳ ಹಿಡಿಯದಿರುವುದು, ತುಂಡು ಪುಡಿಯಾಗದೆ ಮೆತ್ತಗಾಗುವುದು, ಇವು ಸ್ಲೋ ಕುಕ್ಕರಿನ ಅನುಕೂಲಗಳು.

ಉಳಿದ ಅಡುಗೆಯನ್ನು ಗಡಿಗೆಯಲ್ಲಿಯೇ ರಾತ್ರಿ ಬಿಡಬೇಡಿ. ಬೇಗ ಆರದ ಪಿಂಗಾಣಿಯ ಗುಣ ಇಲ್ಲಿ ಶತ್ರುವಾಗುತ್ತದೆ, ಗಡಿಗೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಇರುತ್ತದೆ. ಕುದಿಯಲ್ಲಿಯೂ ಸಾಯದ ಕೆಲವು ಬ್ಯಾಕ್ಟೀರಿಯಾ ಬೀಜಗಳು ಅಂಥ ಹೊತ್ತಿಗೇ ಕಾದು ಮೊಳೆಯುತ್ತವೆ. ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹರಡಿ, ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ. ಮರುದಿನ ಮೇಲೆ ಬಿಳಿಯ ನೆಣದ ಪದರ ಹೆಪ್ಪುಗಟ್ಟಿರುತ್ತದೆ, ಕೆಳಗೆ ಗೊಜ್ಜು ಜೆಲಟಿನ್‌ನಿಂದ ಅಲುಗಾಡುತ್ತಿರುತ್ತದೆ. ನೆಣದಲ್ಲಿ ಬೇಕಾದಷ್ಟನ್ನು ಚಮಚದಿಂದ ತೆಗೆದು, ಉಳಿದುದನ್ನು ಚೆನ್ನಾಗಿ ಕುದಿಸಿ ಬಡಿಸಿ. ಮಸಾಲೆ ಒಳಗಿಳಿದು ಮೊದಲ ದಿನಕ್ಕಿಂತ ರುಚಿಯಾಗಿರುತ್ತದೆ.